ಕಣ, ತೊಟ್ಟಿಗಳ ಕಾಂಕ್ರೀಟಿಗೆ ಸುಟ್ಟ ಜೇಡಿಯ ಬಲ

ಪಲ್ಪರಿನ ನೀರು ಹರಿಯುವ ಚರಂಡಿ, ತೋಟದ ನೀರಿನ ತೊಟ್ಟಿ, ಅಡಿಕೆ ಒಣಗಿಸುವ ಕಣ: ಬೆಳೆಗಾರರ ಕಾಂಕ್ರೀಟು ಮೊದಲು ಕೆಡುವುದು ಇಂಥ ಕಡೆಗಳಲ್ಲೇ. ಮೇಲ್ಮೈ ಸುಲಿದು ಜಲ್ಲಿ ಕಾಣಿಸುತ್ತದೆ. ಆಮೇಲೆ ನೀರು ಒಸರುತ್ತದೆ. ಸಿಮೆಂಟು ಕಡಿಮೆ ಹಾಕಿದನೆಂದು ಮೇಸ್ತ್ರಿಯನ್ನು ಬೈಯುತ್ತೇವೆ. ಅನೇಕ ವೇಳೆ ಕಾರಣ ಬೇರೆಯೇ ಇರುತ್ತದೆ.

ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಸ್ವಲ್ಪ ಸುಣ್ಣ ಹುಟ್ಟಿ ಒಳಗೇ ಉಳಿಯುತ್ತದೆ. ಇದರಿಂದ ಬಲ ಹೆಚ್ಚಲ್ಲ. ನೀರಿಗೆ ಮೆಲ್ಲಗೆ ಕರಗುತ್ತದೆ, ಹುಳಿ ನೀರಿಗಂತೂ ಬೇಗ. ಕಾಫಿ ತೊಳೆದ ನೀರು ಹುದುಗಿ ಹುಳಿಯಾಗುವುದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹದವಾಗಿ ಸುಟ್ಟು ನುಣ್ಣಗೆ ಅರೆದ ಜೇಡಿ ಜೊತೆಗಿದ್ದರೆ, ಅದು ಈ ಸುಣ್ಣದೊಡನೆ ಕೂಡಿ ಹೊಸ ಅಂಟಾಗಿ ಸಣ್ಣ ರಂಧ್ರಗಳನ್ನು ತುಂಬುತ್ತದೆ.

ಇದೇ ನಮ್ಮ ಹಿರಿಯರ ಸುರ್ಕಿ. ಬಸರಾಳಿನವರು ದೂರ ಹೋಗಬೇಕಿಲ್ಲ, ಕನ್ನಂಬಾಡಿ ಕಟ್ಟೆಯನ್ನೇ ನೋಡಬಹುದು. 1911ರಲ್ಲಿ ಕೆಲಸ ಆರಂಭವಾದ ಆ 130 ಅಡಿ ಎತ್ತರದ ಕಲ್ಲುಕಟ್ಟಡದ ಸಂದುಗಳನ್ನು ಹಿಡಿದದ್ದು ಸುಣ್ಣ, ಸುರ್ಕಿಯ ಗಾರೆ. ಕಾಲಕಾಲಕ್ಕೆ ಸಂದುಗಳ ದುರಸ್ತಿ ನಡೆದಿದೆ ನಿಜ; ಆದರೆ ಕಟ್ಟೆ ನಿಂತಿದೆ.

ಈ ಮಾತಿನ ಧೈರ್ಯದಲ್ಲೇ ನಾನೊಮ್ಮೆ ಮೋಸ ಹೋದೆ. ಇಟ್ಟಿಗೆ ಗೂಡಿನ ಬಳಿ ಪುಕ್ಕಟೆ ಸಿಕ್ಕ ಕರಿಕಲು ಚೂರುಗಳನ್ನು ಕುಟ್ಟಿಸಿ ತೊಟ್ಟಿಯ ಗಾರೆಗೆ ಬೆರೆಸಿದೆ. ಎರಡನೆಯ ಬೇಸಿಗೆಗೇ ತೊಟ್ಟಿ ಸೋರಿತು. ತಪ್ಪು ನನ್ನದೇ. ಅತಿಯಾಗಿ ಬೆಂದ ಮಣ್ಣು ಗಾಜಿನಂತಾಗಿ ಸುಣ್ಣದೊಡನೆ ಕೂಡುವ ಗುಣ ಕಳೆದುಕೊಳ್ಳುತ್ತದೆ. ದಪ್ಪ ಪುಡಿ ಬರೀ ಮರಳಿನ ಹಾಗೆ. ಜೇಡಿಗೆ ಸುಮಾರು 700ರಿಂದ 850 ಡಿಗ್ರಿ ಶಾಖ ಸಾಕು.

ಪುಡಿಯನ್ನು ಪರೀಕ್ಷಿಸಲು ಒಂದು ಪಾಲು ಅರಳಿದ ಸುಣ್ಣಕ್ಕೆ ಎರಡು ಪಾಲು ಪುಡಿ ಕಲಸಿ ಉಂಡೆ ಮಾಡಿ, ಒದ್ದೆ ಬಟ್ಟೆಯಲ್ಲಿ ಎರಡು ವಾರ ಇಟ್ಟು, ನೀರಿಗೆ ಹಾಕಿ. ಕರಗಿ ಕೆಸರಾದರೆ ಆ ಪುಡಿ ಬೇಡ. ಗಟ್ಟಿ ನಿಂತರೂ ಅದನ್ನು ಗಿಲಾವು, ನೆಲಗಾರೆಗಷ್ಟೇ ಬಳಸಿ. ಕಬ್ಬಿಣವಿರುವ ತಾರಸಿ, ತೊಲೆ, ಕಂಬಗಳಿಗೆ ಮನೆಯಲ್ಲಿ ಕುಟ್ಟಿದ ಪುಡಿ ಬೆರೆಸಲೇಬಾರದು. ಅಲ್ಲಿ ಅಳತೆ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಕಾರ್ಖಾನೆಯಲ್ಲೇ ಬೆರೆಸಿದ ಸಿಮೆಂಟು ಇದಕ್ಕಿಂತ ನಂಬಿಕೆಯದು. ಅರ್ಧದಷ್ಟು ಕ್ಲಿಂಕರ್, ಸುಮಾರು ಶೇ. 30 ಸುಟ್ಟ ಜೇಡಿ, ಶೇ. 15 ಸುಣ್ಣಕಲ್ಲಿನ ಪುಡಿ, ಉಳಿದದ್ದು ಜಿಪ್ಸಂ ಸೇರಿದ ಹೊಸ ಬಗೆಯ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಐ.ಎಸ್. 18189 ಎಂಬ ಮಾನಕ ಹೊರಡಿಸಿದೆ. ಕ್ಲಿಂಕರಿಗೆ 1,450 ಡಿಗ್ರಿ ಶಾಖ ಬೇಕು, ಸುಣ್ಣಕಲ್ಲು ಬೇಯುವಾಗಲೂ ಇಂಗಾಲಾಮ್ಲ ಹೊರಬೀಳುತ್ತದೆ. ಕ್ಲಿಂಕರ್ ಕಡಿಮೆಯಾದ್ದರಿಂದ ಆ ಹೊಗೆ ಶೇ. 40ರವರೆಗೂ ತಗ್ಗುತ್ತದೆ. ಮಳೆ ನಂಬಿ ಬದುಕುವ ನಮಗೆ ಇದು ಪರರ ಚಿಂತೆಯಲ್ಲ. ಅದು ಅಂಗಡಿಯಲ್ಲಿ ಸಿಗದಿದ್ದರೆ ಪೊಜೊಲಾನಾ ಸಿಮೆಂಟು ಕೊಳ್ಳಬಹುದು. ಬೆರೆಸಿದ್ದು ಹಾರುಬೂದಿಯೋ ಸುಟ್ಟ ಜೇಡಿಯೋ ಎಂಬುದನ್ನು ಚೀಲದ ಮೇಲೆ ಓದಿಕೊಳ್ಳಿ.

ಆದರೆ ಯಾವುದನ್ನೇ ತಂದರೂ ನೀರುಣಿಸುವುದರಲ್ಲಿ ಜಿಪುಣತನ ಬೇಡ. ಸುಣ್ಣ, ಜೇಡಿ ಕೂಡುವ ಕೆಲಸ ನಿಧಾನ. ತೇವ ಆರಿದರೆ ಅಲ್ಲಿಗೇ ನಿಲ್ಲುತ್ತದೆ. ಕನಿಷ್ಠ 10 ದಿನ, ನಮ್ಮ ಮಂಡ್ಯದ ಬಯಲಿನ ಬಿಸಿಲಿಗೆ 14 ದಿನ ಒದ್ದೆಯಾಗಿಡಿ. ಕಣದ ಮೇಲೆ ಭತ್ತದ ಹುಲ್ಲು ಹರಡಿ ಬೆಳಿಗ್ಗೆ, ಸಂಜೆ ತೋಯಿಸಿ. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಆದ್ದರಿಂದ ಬೋರಿನಲ್ಲಿ ನೀರಿರುವಾಗಲೇ, ಕೊಯ್ಲಿಗೆ ಒಂದೂವರೆ ತಿಂಗಳು ಮುಂಚೆ ಕಣದ ಕೆಲಸ ಹಿಡಿಯಿರಿ.