ಸೂಕ್ಷ್ಮದರ್ಶಕ ಯಂತ್ರ: ಅದರ ಅರ್ಥವೂ ಉಪಯೋಗವೂ

‘ಸೂಕ್ಷ್ಮ’ವೆಂದರೆ ಅತಿ ಸಣ್ಣದು, ‘ದರ್ಶಕ’ವೆಂದರೆ ತೋರಿಸತಕ್ಕದ್ದು. ಬರಿಗಣ್ಣಿಗೆ ಗೋಚರವಾಗದ ವಸ್ತುಗಳನ್ನು ಹಿಗ್ಗಿಸಿ ತೋರಿಸುವ ಯಂತ್ರಕ್ಕೆ ಸೂಕ್ಷ್ಮದರ್ಶಕವೆಂದು ಹೆಸರು. ಮೈಕ್ರೋಸ್ಕೋಪ್ ಎಂಬ ಹೆಸರನ್ನು ೧೬೨೫ರಲ್ಲಿ ಇಟಲಿ ದೇಶದಲ್ಲಿ ಗ್ರೀಕ್ ಮಾತುಗಳಿಂದ ರಚಿಸಿದರು. ಅದರ ಅರ್ಥವೂ ಇದೇ. ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ರಾಯಚೂರು ಸೀಮೆಯವರಿಗೆ, ದೂರದ್ದನ್ನು ತೋರಿಸುವ ದುರ್ಬೀನು ಎಂಬ ಮಾತು ಪರಿಚಿತವಷ್ಟೆ. ಸಣ್ಣದ್ದನ್ನು ತೋರಿಸುವ ಈ ಯಂತ್ರವು ಉರ್ದುವಿನಲ್ಲಿ ಖುರ್ದಬೀನ್ ಎನಿಸಿಕೊಂಡಿದೆ.

ಇದರಲ್ಲಿ ಮುಖ್ಯವಾದುವು ಎರಡು ಕಡೆಯ ಮಸೂರಗಳು. ವಸ್ತುವಿನ ಸಮೀಪದ ಮಸೂರವು ಅದನ್ನು ೪೦ ಪಾಲು ಹಿಗ್ಗಿಸಿದರೆ, ಕಣ್ಣಿನ ಬಳಿಯದು ಆ ಬಿಂಬವನ್ನು ಪುನಃ ೧೦ ಪಾಲು ಹಿಗ್ಗಿಸುವುದು. ಒಟ್ಟು ೪೦೦ ಪಾಲಾಯಿತು. ಬತ್ತದ ಬೆಂಕಿ ರೋಗವನ್ನು ಹರಡುವ ಬೂಷ್ಟಿನ ಕಣದ ಉದ್ದವು ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲು ಮಾತ್ರ. ಈ ಯಂತ್ರದಲ್ಲಿ ಅದು ತೊಗರಿಕಾಳಿನಷ್ಟು ಕಾಣುವುದು.

ಇದರಿಂದ ಒಕ್ಕಲಿಗನಿಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಸಿಂಧನೂರಿನ ಕಾಲುವೆ ಭೂಮಿಯಲ್ಲಿ ಬತ್ತದ ಎಲೆ ಒಣಗಿದರೆ ಕಾರಣವು ಒಂದೇ ಎಂದು ತಿಳಿಯಲಾಗದು. ಬೆಂಕಿ ರೋಗವು ಬೂಷ್ಟಿನಿಂದಲೂ, ಅಂಗಮಾರಿ ರೋಗವು ದುಂಡಾಣುವಿನಿಂದಲೂ ಬರುತ್ತವೆ. ಅಂಗಮಾರಿ ತಗುಲಿದ ಎಲೆಯ ತುಂಡನ್ನು ನೀರಿನಲ್ಲಿಟ್ಟು ಯಂತ್ರದಿಂದ ನೋಡಿದರೆ, ಕೊಯ್ದ ಅಂಚಿನಿಂದ ದುಂಡಾಣುಗಳು ಹೊಗೆಯಂತೆ ಹೊರಹೊಮ್ಮುತ್ತವೆ. ಬೂಷ್ಟನ್ನು ಕೊಲ್ಲುವ ಔಷಧದಿಂದ ಇವು ಸಾಯುವುದಿಲ್ಲ. ಹಣವೂ ಹೋಗಿ, ನೀರಿನೊಡನೆ ರೋಗವು ನೆರೆಯವನ ಗದ್ದೆಗೂ ಹರಿಯುವುದು.

ಲಿಂಗಸುಗೂರು, ಮಸ್ಕಿಗಳ ಕಡೆ ತೊಗರಿ ಬಾಡಿದಾಗಲೂ ಹೀಗೆಯೇ. ನೀರು ಸಾಲದೆ ಬಾಡಿತೆಂದು ಭಾವಿಸುವುದು ಸಹಜ. ನೆಟೆ ರೋಗದಲ್ಲಾದರೋ ನೆಲದಲ್ಲಿ ತೇವವಿದ್ದರೂ ಗಿಡ ಬಾಡುವುದು. ಬೇರಿನಿಂದ ಹೊಕ್ಕ ಬೂಷ್ಟು ನೀರೇರುವ ನಾಳಗಳನ್ನು ಕಟ್ಟಿರುತ್ತದೆ. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಅಂಥ ಹೊಲದಲ್ಲಿ ಕೆಲವು ವರ್ಷ ಜೋಳ ಮೊದಲಾದ ಬೇರೆ ಪೈರನ್ನೂ, ಆ ಬಳಿಕ ರೋಗ ತಡೆಯುವ ತಳಿಯ ತೊಗರಿಯನ್ನೂ ಬಿತ್ತಬೇಕು.

ಪ್ರತಿಯೊಬ್ಬರೂ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ರೋಗ ಆಗತಾನೆ ತಗುಲಿದ, ಅರ್ಧ ಹಸಿರಿರುವ ಎಲೆಗಳನ್ನು ಕಾಗದದಲ್ಲಿ ಸುತ್ತಿ, ತೊಗರಿಯಾದರೆ ಗಿಡವನ್ನು ಬೇರುಸಹಿತ ಅಗೆದು, ತಳಿಯ ಹೆಸರು, ಬಿತ್ತಿದ ದಿನ, ಹಾಕಿದ ಗೊಬ್ಬರ ಇವುಗಳನ್ನು ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ಒಯ್ಯತಕ್ಕದ್ದು. ಪೂರ್ತಿ ಒಣಗಿದ, ಕೊಳೆತ ಎಲೆಗಳಿಂದ ರೋಗದ ಗುರುತು ಹತ್ತುವುದು ಕಷ್ಟ. ರೋಗವಾವುದೆಂದು ನಿಶ್ಚಯವಾಗುವ ಮುನ್ನ ಔಷಧಕ್ಕೆ ಹಣ ಸುರಿಯಬಾರದೆಂಬುದನ್ನು ಗ್ರಾಮದ ಮುಖಂಡರು ತಮ್ಮ ಊರಿನ ಒಕ್ಕಲು ಮಕ್ಕಳಿಗೆ ತಿಳಿಯಹೇಳಬೇಕು.