ಪೆಡಲಿಗೆ ತಿಳಿದ ಲಂಡನ್

ನೆಲದಡಿಯ ರೈಲನ್ನೇ ನೆಚ್ಚಿ ಲಂಡನ್ನಿನಲ್ಲಿ ಬಾಳುವವನಿಗೆ ಆ ಮಹಾನಗರವು ಬಿಡಿಬಿಡಿಯಾದ ನಿಲ್ದಾಣಗಳ ಸಮೂಹವಾಗಿಯೇ ಉಳಿಯುತ್ತದೆ. 1933ರಲ್ಲಿ ಪ್ರಕಟವಾದ ಹ್ಯಾರಿ ಬೆಕ್‌ನ ಆ ರೈಲುಜಾಲದ ಪ್ರಖ್ಯಾತ ನಕ್ಷೆಯು ದೂರವನ್ನೂ ಗೆರೆಗಳ ವಕ್ರತೆಯನ್ನೂ ಬೇಕೆಂದೇ ಬದಿಗಿರಿಸಿ ನಿಲ್ದಾಣಗಳ ಅನುಕ್ರಮವನ್ನಷ್ಟೇ ತೋರಿಸುವುದಾದುದರಿಂದ, ನೆಲದ ಸ್ವರೂಪವನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆ ಊರಿನಲ್ಲಿ ವಾಸಿಸಬೇಕಾಗಿ ಬಂದ ಕಾಲದಲ್ಲಿ ನಾನು ಬೈಸಿಕಲ್ಲನ್ನು ಹಿಡಿದುದು ಮಿತವ್ಯಯದ ದೃಷ್ಟಿಯಿಂದಲೇ ಆದರೂ, ಅದು ಕಲಿಸಿಕೊಟ್ಟ ಭೂಗೋಳವು ಅನ್ಯಥಾ ನನಗೆ ದೊರೆಯುವಂತಹುದಾಗಿರಲಿಲ್ಲ.

ಮೊದಲನೆಯ ಪಾಠ ಏರಿಳಿತದ್ದು. ಬಸ್ಸಿನಲ್ಲಿ ಕುಳಿತಾಗ ಸಮತಲವೆಂದೇ ತೋರಿದ್ದ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ದೇವಾಲಯದ ಕಡೆಗೆ ಹೊರಟ ಸವಾರನನ್ನು ಅನಾಯಾಸವಾಗಿ ಲಡ್‌ಗೇಟ್ ಸರ್ಕಸ್‌ವರೆಗೆ ಇಳಿಸಿ, ಮರುಕ್ಷಣವೇ ಲಡ್‌ಗೇಟ್ ಹಿಲ್‌ನ ಏರಿನಲ್ಲಿ ಏದುಸಿರು ಬಿಡಿಸುತ್ತದೆ. ಹ್ಯಾಂಪ್‌ಸ್ಟೆಡ್ಡಿನ ಎತ್ತರದಿಂದ ಹೊರಟು ಥೇಮ್ಸನ್ನು ಸೇರುವ ಫ್ಲೀಟ್ ನದಿಯ ಕಣಿವೆಯದು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಹಂತಹಂತವಾಗಿ ಮುಚ್ಚಿಹೋದ ಆ ನದಿ ಈಗ ನೆಲದೊಳಗಿನ ಚರಂಡಿ. ಅದೇ ಕಣಿವೆಗೆ ಅಡ್ಡವಾಗಿ 1869ರಲ್ಲಿ ತೆರೆದ ಹೋಬರ್ನ್ ವಯಡಕ್ಟ್, ಕೆಳಗೆ ನೀರೇ ಕಾಣದಿದ್ದರೂ ಸೇತುವೆಯಾಗಿರುವುದೇಕೆಂಬ ನನ್ನ ಸಂಶಯಕ್ಕೆ ಉತ್ತರ ಕೊಟ್ಟದ್ದು ನನ್ನ ಮೊಣಕಾಲು.

ಇದಕ್ಕೆ ವ್ಯತಿರಿಕ್ತವಾಗಿ ರೀಜೆಂಟ್ಸ್ ಕಾಲುವೆಯ ದಂಡೆ ಬಹುತೇಕ ಸಮತಟ್ಟು. 1820ರಲ್ಲಿ ಪೂರ್ಣಗೊಂಡು, ಪ್ಯಾಡಿಂಗ್‌ಟನ್ನಿನಿಂದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿಲೋಮೀಟರು ಸಾಗುವ ಈ ಜಲಮಾರ್ಗದ ಪಕ್ಕದ ಹಾದಿಯು, ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದ ಕುದುರೆಗಳಿಗಾಗಿ ನಿರ್ಮಿತವಾದುದು. ಮ್ಯಾಕಲ್ಸ್‌ಫೀಲ್ಡ್ ಸೇತುವೆಯ ಕಬ್ಬಿಣದ ಕಂಬಗಳಲ್ಲಿ ಆ ಹಗ್ಗಗಳು ಕೊರೆದ ಗೀರುಗಳು ಎರಡೂ ಮಗ್ಗುಲಿಗೆ ಇವೆ: 1874ರಲ್ಲಿ ಕೋವಿಮದ್ದು ಸಾಗಿಸುತ್ತಿದ್ದ ದೋಣಿ ಸಿಡಿದು ಸೇತುವೆ ನಾಶವಾದಾಗ, ಉಳಿದ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದರು, ಹಗ್ಗ ಮತ್ತೆ ಹೊಸ ಮಗ್ಗುಲನ್ನು ಕೊರೆಯಿತು. ಇಸ್ಲಿಂಗ್‌ಟನ್ನಿನಲ್ಲಿ ಕಾಲುವೆ ಸುರಂಗವನ್ನು ಹೊಗುವುದರಿಂದ ದಂಡೆಯ ಹಾದಿ ನಿಂತುಹೋಗುತ್ತದೆ. ಅಂದು ಅಂಬಿಗರು ಅಂಗಾತ ಮಲಗಿ, ಸುರಂಗದ ಗೋಡೆಗೆ ಪಾದವೂರಿ ದೋಣಿಯನ್ನು ಮುಂದೂಡುತ್ತಿದ್ದರೆ, ಕುದುರೆಗಳನ್ನು ಗುಡ್ಡದ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ಇಂದಿಗೂ ಸೈಕಲ್ ಸವಾರನಿಗೆ ಕುದುರೆಯ ಮಾರ್ಗವೇ ಗತಿ.

ವ್ಯಾವಹಾರಿಕ ಪಾಠಗಳೂ ಕೆಲವಿವೆ. ನಮ್ಮಲ್ಲಿರುವಂತೆ ಅಲ್ಲಿಯೂ ವಾಹನಗಳು ಎಡಕ್ಕೆ ಚಲಿಸುವುದರಿಂದ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ. ಆದರೆ ಎಡಕ್ಕೆ ತಿರುಗಲು ನಿಂತ ಲಾರಿಯ ಎಡಮಗ್ಗುಲಲ್ಲಿ ನುಸುಳುವುದು, ಚಾಲಕನಿಗೆ ಕಾಣದ ಸ್ಥಳದಲ್ಲಿ ಪ್ರಾಣವನ್ನು ಒತ್ತೆಯಿಟ್ಟಂತೆ. ಕಾಲುವೆಯ ದಂಡೆಯಲ್ಲಿ ಪಾದಚಾರಿಗಳಿಗೇ ಅಗ್ರಸ್ಥಾನವಾದುದರಿಂದ, ತಗ್ಗಾದ ಸೇತುವೆಗಳ ತಿರುವಿನಲ್ಲಿ ವೇಗ ತಗ್ಗಿಸಿ ಗಂಟೆ ಬಾರಿಸಬೇಕು. ಥೇಮ್ಸಿನ ತಳದಲ್ಲಿ 1902ರಿಂದ ಇರುವ ಗ್ರೀನಿಚ್ ಕಾಲುಸುರಂಗದಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ನಡೆಯತಕ್ಕದ್ದು.

ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಸೈಕಲ್ ಪಥದಲ್ಲಿ ಸಾಗುವಾಗ ನಮ್ಮ ಚಕ್ರದಡಿಯಲ್ಲಿರುವುದು, 1858ರ ಬೇಸಿಗೆಯಲ್ಲಿ ಥೇಮ್ಸಿನ ದುರ್ಗಂಧವು ಪಾರ್ಲಿಮೆಂಟನ್ನೇ ಕಂಗೆಡಿಸಿದ ಬಳಿಕ ಎಂಜಿನಿಯರ್ ಜೋಸೆಫ್ ಬಾಜಲ್ಗೆಟ್ ನದಿಯಿಂದ ಗೆದ್ದುಕೊಟ್ಟ ನೆಲ. ಅದರ ಗರ್ಭದಲ್ಲಿ ಆತನ ಮಹಾಚರಂಡಿಯೂ ಇದೆ. ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಸಹ ಆತನದೇ ಕೃತಿ. 2015ರಲ್ಲಿ ಅಲ್ಲಿ ಸ್ಥಾಪಿತವಾದ ಬಸವಣ್ಣನವರ ಪ್ರತಿಮೆಯ ಬಳಿ ಸೈಕಲ್ ನಿಲ್ಲಿಸುವ ಕನ್ನಡಿಗನು, ತಾನು ನಿಂತ ದಂಡೆಯ ಕಥೆಯನ್ನೂ ಒಂದಿಷ್ಟು ಅರಿತರೆ ಲೇಸು.

ಹೊಸ ನಗರಕ್ಕೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಕೆಲಕಾಲ ಮಡಿಸಿಟ್ಟು, ಅಲ್ಲಿಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂಬುದನ್ನು ಮೊದಲು ಸೈಕಲ್ಲಿನ ಮೇಲೆ ಅನುಸರಿಸಿರಿ, ಬೀದಿಗಳು ಏಕೆ ಹಾಗೆ ಬಾಗಿವೆ, ಸೇತುವೆಗಳು ಏಕೆ ಅಲ್ಲಲ್ಲೇ ಇವೆ ಎಂಬುದು ಆಮೇಲೆ ತಾನಾಗಿ ತಿಳಿದುಬರುತ್ತದೆ.