ಟಾಗಲ್: ಬೆಂಗೇರಿಯ ಧ್ವಜದಿಂದ ನಮ್ಮ ಫ್ಲಿಪ್-ಫ್ಲಾಪ್‌ವರೆಗೆ

ಟಾಗಲ್ ಅಂದರೆ ಏನು? ನಮ್ಮಲ್ಲಿ ಯಾರನ್ನ ಕೇಳಿದರೂ "ಆನ್ ಇದ್ದದ್ದನ್ನು ಆಫ್ ಮಾಡೋದು, ಆಫ್ ಇದ್ದದ್ದನ್ನು ಆನ್ ಮಾಡೋದು" ಅಂತಾರೆ. ಇದು ಅರ್ಧ ಉತ್ತರ. ಈ ಪದದ ಹಳೆಯ ಅರ್ಥ ಸಿಕ್ಕಿಸಿ ಹಿಡಿಯೋದು.

ಆ ಅರ್ಥವನ್ನು ನೋಡಬೇಕಂದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋದರೆ ಸಾಕು. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಬಿಐಎಸ್ ಮಾನದಂಡದ ಖಾದಿ ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, 24 ಗೆರೆಗಳ ಅಶೋಕ ಚಕ್ರವನ್ನು ಅಚ್ಚು ಹಾಕುವುದು, ಹೊಲಿಯುವುದು ಆದಮೇಲೆ ಬರುವ ಹಂತದ ಹೆಸರೇ ಟಾಗ್ಲಿಂಗ್. ಧ್ವಜದ ಕಂಬದ ಕಡೆಯ ಅಂಚಿನಲ್ಲಿ ಗಟ್ಟಿ ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಹಗ್ಗ ಹಾಯಿಸಿ, ಹಗ್ಗದ ತುದಿಗೆ ಮರದ ಚಿಕ್ಕ ತುಂಡು ಕಟ್ಟುತ್ತಾರೆ. ಆ ತುಂಡೇ ಟಾಗಲ್.

ಅದರ ಕೆಲಸ ಬಹಳ ಸರಳ. ಏರಿಸುವ ಹಗ್ಗದ ಕುಣಿಕೆಯೊಳಗೆ ಟಾಗಲ್ ಉದ್ದಕ್ಕೆ ತೂರುತ್ತದೆ. ಆಚೆ ಹೋದಮೇಲೆ ಅಡ್ಡ ತಿರುಗಿ ಕೂತುಬಿಡುತ್ತದೆ. ಎಳೆದಷ್ಟೂ ಬಿಗಿ. ಹಗ್ಗ ಸಡಿಲ ಬಿಟ್ಟು ಮತ್ತೆ ಉದ್ದಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಅತಿ ದೊಡ್ಡ ಅಳತೆಯ ಧ್ವಜ 6300 × 4200 ಮಿಲಿಮೀಟರ್, ಅಂದರೆ 26 ಚದರ ಮೀಟರ್‌ಗೂ ಹೆಚ್ಚು ಬಟ್ಟೆ. ಗಾಳಿ ಅದನ್ನು ಎಳೆಯುವಾಗ ಈ ಗಂಟು ಜಾರಿದರೆ ಧ್ವಜ ಕೆಳಗೆ ಬಂದಂತೆಯೇ.

18ನೇ ಶತಮಾನದಲ್ಲಿ ಇಂಗ್ಲಿಷ್ ನಾವಿಕರು ಹಗ್ಗ ಸಿಕ್ಕಿಸುವ ಇಂಥ ಗೂಟಕ್ಕೇ ಟಾಗಲ್ ಅನ್ನುತ್ತಿದ್ದರು. ಮುಂದೆ ಪದ ಯಂತ್ರಗಳಿಗೆ ಬಂತು. ಟಾಗಲ್ ಜಾಯಿಂಟ್ ನಮ್ಮ ಮೊಣಕಾಲಿನ ಹಾಗೆ: ಎರಡು ತೋಳು ನೇರವಾದಾಗ ಗಟ್ಟಿ ನಿಲ್ಲುತ್ತದೆ, ಮಡಚಿದರೆ ಬಿಡುತ್ತದೆ. ವರ್ಕ್‌ಶಾಪ್‌ನ ಟಾಗಲ್ ಕ್ಲ್ಯಾಂಪ್ ಕೆಲಸ ಮಾಡೋದೂ ಹೀಗೇ. ಇದೇ ಉಪಾಯಕ್ಕೆ ಸ್ಪ್ರಿಂಗ್ ಸೇರಿಸಿದಾಗ ಟಾಗಲ್ ಸ್ವಿಚ್ ಆಯಿತು. ಅದರ ಕಡ್ಡಿ ನಡುವೆ ನಿಲ್ಲೋದಿಲ್ಲ, ಟಕ್ ಅಂತ ಆ ಕಡೆ ಅಥವಾ ಈ ಕಡೆ ಕೂರುತ್ತದೆ. ಅಲ್ಲಿಂದ ಪದ ಡಿಜಿಟಲ್ ಸರ್ಕ್ಯೂಟ್‌ಗೂ, ಮೊಬೈಲ್ ಪರದೆಗೂ ಬಂತು.

ಈಗ ಟಿ ಫ್ಲಿಪ್-ಫ್ಲಾಪ್ ನೋಡಿ. ಟಿ 1 ಇದ್ದರೆ ಪ್ರತಿ ಕ್ಲಾಕ್‌ಗೆ ಔಟ್‌ಪುಟ್ ಬದಲಾಗುತ್ತದೆ. ಟಿ 0 ಇದ್ದರೆ ಇದ್ದದ್ದನ್ನೇ ಹಿಡಿದಿಡುತ್ತದೆ. ಕೌಂಟರ್ ಲೆಕ್ಕ ಇಡೋದು ಬರೀ ಬದಲಾವಣೆಯಿಂದ ಅಲ್ಲ. ಎರಡು ಕ್ಲಾಕ್ ನಡುವೆ ಪ್ರತಿ ಬಿಟ್ ತನ್ನ ಬೆಲೆ ಹಿಡಿದು ನಿಲ್ಲೋದರಿಂದ. ಕಾಲಿಂಗ್ ಬೆಲ್‌ನ ಬಟನ್ ಕೈ ತೆಗೆದ ಕೂಡಲೇ ಹಿಂದೆ ಬರುತ್ತದೆ, ಹಾಗಾಗಿ ಅದು ಟಾಗಲ್ ಅಲ್ಲ.

ಕನ್ನಡದಲ್ಲಿ ಏನನ್ನೋಣ? ಧ್ವಜದ ಟಾಗಲ್‌ಗೆ "ಅಡ್ಡಗುಂಡಿ" ಅನ್ನಬಹುದು. ಸರ್ಕ್ಯೂಟ್‌ನಲ್ಲಿ ಬರೀ "ಬದಲಿಸು" ಅಂದರೆ ಹಿಡಿತ ಬಿಟ್ಟುಹೋಗುತ್ತದೆ, "ಹೊರಳಿಸಿ ನಿಲ್ಲಿಸು" ಅಂದರೆ ಎರಡೂ ಉಳಿಯುತ್ತವೆ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ಸಂಘಕ್ಕೆ ಬರೆದು ಕಳಿಸಿ. ವೈವಾದಲ್ಲಿ ಕೇಳಿದರೆ ಮಾತ್ರ ಪೂರ್ತಿ ಉತ್ತರ ಹೇಳಿ: ಎರಡು ಸ್ಥಿತಿ, ಎರಡರಲ್ಲೂ ಹಿಡಿತ.